ಮಿಸ್ಸು ಎಲೆಕ್ಷನ್ನಿಗೆ ನಿಂತದ್ದು

ಅವರ ಬೀಳ್ಕೊಡುಗೆಯ ದಿನ ಹನ್ನೊಂದು ಜನ ಮಾತಾಡಿದೆವು. ಹನ್ನೊಂದು ಜನವೂ ಹೇಳಿದ್ದು ಒಂದೇ: ಮಿಸ್ಸು ಶಾಲಾ ಸಮಿತಿಗೆ ನಿಲ್ಲಬೇಕು ಅಂತ ಮೊಟ್ಟಮೊದಲು ಹೇಳಿದವನು ನಾನೇ. ಮಿಸ್ಸು ಮುಂದಿನ ಸಾಲಿನಲ್ಲಿ, ಕೊರಳಿಗೆ ಹಾಕಿದ್ದ ಹಾರವನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಒಬ್ಬರ ಮಾತಿಗೂ ತಲೆಯಾಡಿಸದೆ ಕೂತಿದ್ದರು. ನಿಜ ಏನು ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರು ನಾಮಪತ್ರ ಕೊಟ್ಟಾಗ ‘ಈ ವಯಸ್ಸಲ್ಲಿ ಇವರಿಗೆ ಇದೆಲ್ಲ ಯಾಕೆ’ ಅಂತ ಹಣೆ ಚಚ್ಚಿಕೊಂಡಿದ್ದವರು ಇದೇ ಹನ್ನೊಂದು ಜನ. ಅವರ ಮನೆಯ ತನಕ ಹೋಗಿ ‘ವಾಪಸ್ ತಗೊಳ್ಳಿ’ ಅಂತ ಹೇಳಿಬಂದವನು ಮಾತ್ರ ನಾನೊಬ್ಬನೇ. ಹಾಗಾಗಿ ಅವತ್ತು ಉಳಿದವರಿಗಿಂತ ಎರಡು ನಿಮಿಷ ಹೆಚ್ಚಾಗಿ ಮಾತಾಡಿದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ‘ಹೆಸರು ಹಾಕಿಸಿಕೊಳ್ಳೋ ಅಂಥದ್ದು ನಾನೇನ್ರೀ ಮಾಡಿದೀನಿ’ ಅಂತ ಅವರು ಕೇಳುತ್ತಾರೆ. ನಾನು ಒಂದೊಂದಾಗಿ ಹೇಳಲು ಹೊರಟರೆ ಕನ್ನಡಕದ ಮೇಲಿಂದ ನೋಡಿ ‘ಆಮೇಲೆ?’ ಅನ್ನುತ್ತಾರೆ. ಆ ‘ಆಮೇಲೆ?’ ಅನ್ನು ಎದುರಿಸುವ ಧೈರ್ಯ ನಮ್ಮ ಸಿಂಗಪುರದ ಕನ್ನಡಿಗರಲ್ಲಿ ಯಾರಿಗೂ ಇರಲಿಲ್ಲ. ಮಗು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದರೆ ‘ಆಮೇಲೆ?’. ಟ್ಯೂಷನ್ ಇತ್ತು, ಅದಕ್ಕೇ ಹೋದ ವಾರ ಬರಲಿಲ್ಲ ಅಂತ ತಾಯಿ ಹೇಳಿದರೆ ‘ಆಮೇಲೆ?’. ದನಿ ಏರಿಸುತ್ತಿರಲಿಲ್ಲ, ಮುಖ ಗಂಟಿಕ್ಕುತ್ತಿರಲಿಲ್ಲ. ಆದರೂ ಆ ತಾಯಿ ಮುಂದಿನ ವಾರ ಮಗುವಿನ ಕೈ ಹಿಡಿದುಕೊಂಡು ಹತ್ತು ನಿಮಿಷ ಮುಂಚೆಯೇ ಬಂದು ನಿಂತಿರುತ್ತಿದ್ದರು.

ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹಳ ವರ್ಷ ಪಾಠ ಮಾಡಿ, ಗಂಡನಿಗೆ ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ಕೆಲಸವಾದಾಗ ಸಿಂಗಪುರಕ್ಕೆ ಬಂದವರು. ನಮ್ಮ ಕನ್ನಡ ಶಾಲೆ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಆಂಗ್ ಮೋ ಕಿಯೋದಲ್ಲಿ ಒಂದು ವಸತಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ಖಾಲಿ ಜಾಗಕ್ಕೆ ಕಿಟಕಿ ತೆರೆಯುವ ಒಂದು ರೂಮು, ಒಂದು ವೈಟ್‌ಬೋರ್ಡು, ಭಾನುವಾರ ಮಾತ್ರ ಪಾಠ. ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ಅವರು ಎಂ.ಆರ್.ಟಿ. ರೈಲು ಹತ್ತಿ ಬಂದರು. ಎರಡು ಬಟ್ಟೆ ಚೀಲ: ಒಂದರಲ್ಲಿ ಮಕ್ಕಳ ನೋಟ್‌ಬುಕ್ಕು, ಇನ್ನೊಂದರಲ್ಲಿ ಅಂಚೆಚೀಟಿ, ಲಕೋಟೆ, ಗೋಂದು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಮಿಸ್ಸೇ. ಅವರ ಯಜಮಾನರೂ ಒಮ್ಮೆ ನಮ್ಮೆದುರಿಗೆ ಬಾಯಿತಪ್ಪಿ ಮಿಸ್ ಅಂದುಬಿಟ್ಟಿದ್ದರು.

ಲಕೋಟೆ, ಅಂಚೆಚೀಟಿ ಯಾಕೆ ಅಂದರೆ, ತಿಂಗಳ ಕೊನೆಯ ಭಾನುವಾರ ಕಾಗದದ ವಾರ. ಪ್ರತಿ ಮಗುವೂ ಊರಲ್ಲಿರುವ ಅಜ್ಜಿಗೋ ತಾತನಿಗೋ ಕನ್ನಡದಲ್ಲಿ ಒಂದು ಕಾಗದ ಬರೆಯಬೇಕು. ಬರೆದದ್ದನ್ನು ಮಿಸ್ಸು ತಿದ್ದುತ್ತಿರಲಿಲ್ಲ. ನೋಟ್‌ಬುಕ್ಕನ್ನು ರಕ್ತ ಬರುವ ಹಾಗೆ ತಿದ್ದುತ್ತಿದ್ದ ಆ ಕೆಂಪು ಪೆನ್ನು ಕಾಗದದ ವಾರ ಚೀಲದಿಂದ ಈಚೆಗೇ ಬರುತ್ತಿರಲಿಲ್ಲ. ‘ಅಜ್ಜಿಗೆ ತಪ್ಪೇ ಹೋಗ್ಲಿ. ಅವರಿಗೆ ಅದೇ ಇಷ್ಟ’ ಅನ್ನುತ್ತಿದ್ದರು. ಏನು ಬರೆಯಬೇಕು ಅಂತ ಮಕ್ಕಳು ಕೇಳಿದರೆ, ‘ಬಾಯಲ್ಲಿ ಹೇಳಕ್ಕಾಗದೇ ಇರೋದನ್ನ ಬರೀರಿ’ ಅನ್ನುವುದು ಅವರ ಉತ್ತರ. ಅಜ್ಜಿ ತಾತ ಇಬ್ಬರೂ ಇಲ್ಲದ ಮಕ್ಕಳು ಮಿಸ್ಸಿಗೇ ಬರೆಯಬೇಕು. ಆ ಕಾಗದವನ್ನೂ ಅಲ್ಲೇ ಕೈಗೆ ಕೊಡುವ ಹಾಗಿಲ್ಲ, ಸೆಂಬವಾಂಗಿನ ವಿಳಾಸ ಬರೆದು ಡಬ್ಬಕ್ಕೆ ಹಾಕಬೇಕು. ವಾರದೊಳಗೆ ಉತ್ತರ ಬರುತ್ತಿತ್ತು.

ಇಂಥ ಶಾಲೆಗೆ ಏಳು ಜನರ ಒಂದು ಸಮಿತಿ. ಮಕ್ಕಳ ಅಪ್ಪ ಅಮ್ಮಂದಿರೇ ಮತದಾರರು. ನಮ್ಮಲ್ಲಿ ಎಲೆಕ್ಷನ್ ನಡೆಯುತ್ತಿರಲಿಲ್ಲ, ಆಗುತ್ತಿತ್ತು. ಬ್ಯೂನಾ ವಿಸ್ಟಾದ ಯಾವುದಾದರೂ ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಬಿಸಿಬೇಳೆಬಾತು ತಿನ್ನುತ್ತ ಏಳು ಹೆಸರು ಗೊತ್ತುಮಾಡುವುದು, ಮುಂದಿನ ವಾರ ಸಭೆಯಲ್ಲಿ ಆ ಪಟ್ಟಿ ಓದುವುದು, ಎಲ್ಲರೂ ಚಪ್ಪಾಳೆ ತಟ್ಟುವುದು. ಅವಿರೋಧ ಆಯ್ಕೆ ಅನ್ನುವುದು ನಮ್ಮ ಹೆಮ್ಮೆ. ಎದುರಾಗಿ ನಿಲ್ಲುವುದು ಅಂದರೆ ಊಟದ ಪಂಕ್ತಿಯಿಂದ ಅರ್ಧಕ್ಕೆ ಎದ್ದು ಹೋದಷ್ಟೇ ಅಸಭ್ಯ.

ಆ ವರ್ಷ ಸಮಿತಿ ಒಂದು ಹೊಸ ಯೋಜನೆ ತಂದಿತು. ಬರವಣಿಗೆ ನಿಲ್ಲಿಸುವುದು, ರೂಮು ಬಿಟ್ಟುಕೊಡುವುದು, ಮಕ್ಕಳು ಮನೆಯಲ್ಲೇ ಕೂತು ಟ್ಯಾಬಿನಲ್ಲಿ ಮಾತಾಡುವ ಕನ್ನಡ ಕಲಿಯುವುದು. ಬರೆಯಲು ಯಾರಿಗೆ ಟೈಮಿದೆ, ಆರನೇ ಕ್ಲಾಸಿನ ಪಿ.ಎಸ್.ಎಲ್.ಇ. ಪರೀಕ್ಷೆಗೆ ಅದು ಬರುತ್ತದೆಯೇ ಅಂತ ಪ್ರಶ್ನೆ. ಎಲ್ಲರೂ ಸ್ಲೈಡು ನೋಡಿ ಮೆಚ್ಚಿದೆವು. ಹಿಂದಿನ ಸಾಲಿನಿಂದ ಮಿಸ್ಸು ಕೇಳಿದ್ದು ಒಂದೇ ಮಾತು.

“ಅಜ್ಜಿಗೆ ಯಾರು ಬರೀತಾರೆ?”

“ಮಿಸ್, ಅಜ್ಜಿಗಳೆಲ್ಲ ಈಗ ವಿಡಿಯೋ ಕಾಲಲ್ಲಿ ಇದಾರೆ,” ಅಂದರು ಯೋಜನೆ ಮಾಡಿದವರು. ಎಲ್ಲರೂ ನಕ್ಕೆವು. ಮಾರನೆಯ ವಾರ ಮಿಸ್ಸು ಶಿಕ್ಷಣ ಸದಸ್ಯರ ಸ್ಥಾನಕ್ಕೆ ನಾಮಪತ್ರ ಕೊಟ್ಟರು. ಆ ಸ್ಥಾನಕ್ಕೆ ಬಿಸಿಬೇಳೆಬಾತಿನ ಹೊತ್ತಿನಲ್ಲಿ ಗೊತ್ತಾಗಿದ್ದವರು ಅದೇ ಸ್ಲೈಡಿನ ಮಹಾಶಯರು, ಬ್ಯೂನಾ ವಿಸ್ಟಾದ ಒಂದು ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಒಳ್ಳೆಯ ಮನುಷ್ಯ. ಅವರ ಮೇಲೆ ಕೋಪ ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ.

ಮಿಸ್ಸಿನ ಮನವೊಲಿಸಲು ಕಳಿಸಿದ್ದು ನನ್ನನ್ನು. ನನ್ನ ಮಗಳು ಅವರ ಕ್ಲಾಸಿನಲ್ಲಿದ್ದಳು ಅನ್ನುವುದು ಒಂದು ಕಾರಣ. ಇನ್ನೊಂದು, ಸಮಿತಿಯಲ್ಲಿ ಇಲ್ಲದಿದ್ದರೂ ಶಾಲೆಯ ನಿಯಮಾವಳಿ ಬರೆದವನು ನಾನು. ನಾನು ಬ್ಯಾಂಕೊಂದರ ಕಂಪ್ಲಯನ್ಸ್ ವಿಭಾಗದಲ್ಲಿದ್ದೇನೆ. ತಪ್ಪು ನಡೆಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ ಅಂತ ಜನ ತಿಳಿದಿದ್ದಾರೆ. ನಡೆದರೆ ಅದು ನಮ್ಮದಲ್ಲ ಅಂತ ತೋರಿಸುವ ಕಾಗದ ಮೊದಲೇ ಸಿದ್ಧ ಮಾಡಿಡುವುದು ನಮ್ಮ ಕೆಲಸ. ಒಂದು ರೂಮಿನ ಶಾಲೆಗೆ ನಾನು ಇಪ್ಪತ್ತಾರು ನಿಯಮ ಬರೆದಿದ್ದೆ. ಚಪ್ಪಾಳೆಯೊಂದಿಗೆ ಅಂಗೀಕಾರವಾಗಿತ್ತು. ಯಾರೂ ಓದಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಒಂದು ಬಾಕ್ಸು ಮೈಸೂರುಪಾಕು ಹಿಡಿದುಕೊಂಡು ಸೆಂಬವಾಂಗಿಗೆ ಹೋದೆ. ಮಿಸ್ಸು ಬಾಗಿಲು ತೆಗೆದು, ಬಾಕ್ಸು ನೋಡಿ, “ಓ, ಇಷ್ಟು ಸೀರಿಯಸ್ಸಾ ವಿಷಯ. ಬನ್ನಿ,” ಅಂದರು. ಯಜಮಾನರು ಪೇಪರು ಮಡಿಸಿ ಪಕ್ಕಕ್ಕಿಟ್ಟರು. ಸ್ಟೀಲಿನ ಲೋಟದಲ್ಲಿ ಕಾಫಿ ಬಂತು.

“ಮಿಸ್, ನಮ್ಮಲ್ಲಿ ಇದುವರೆಗೂ ಕಾಂಟೆಸ್ಟ್ ಅಂತ ಆಗಿಲ್ಲ,” ಅಂತ ಶುರುಮಾಡಿದೆ.

“ಆಮೇಲೆ?”

“ಜನ ಎರಡು ಗುಂಪಾಗ್ತಾರೆ. ವಾಟ್ಸಾಪಲ್ಲಿ ಆಗ್ಲೇ ಶುರುವಾಗಿದೆ.”

“ಆಮೇಲೆ?”

“ನಿಮ್ಮ ಮೇಲೆ ಎಲ್ಲರಿಗೂ ರೆಸ್ಪೆಕ್ಟ್ ಇದೆ. ಸೋತ್ರೆ ನಮಗೇ ಬೇಜಾರಾಗುತ್ತೆ.”

“ನೀವು ಬೇಜಾರು ಮಾಡ್ಕೊಳ್ಳೋದು ಬೇಡ ಅಂತ ನಾನು ವಾಪಸ್ ತಗೋಬೇಕು,” ಅಂದರು ಮಿಸ್ಸು. ಕೇಳುವಾಗ ಅದು ನನಗೇ ವಿಚಿತ್ರವಾಗಿ ಕೇಳಿಸಿತು. “ನೋಡಿ, ಕುರ್ಚಿ ಕಟ್ಕೊಂಡು ನಾನೇನು ಮಾಡ್ಲಿ? ಪಾಠದಲ್ಲಿ ಏನಾದ್ರೂ ತೆಗೀಬೇಕು ಅಂದ್ರೆ ಶಿಕ್ಷಣ ಸದಸ್ಯರು ಒಪ್ಪಿ ಸಹಿ ಹಾಕ್ಬೇಕು ಅಂತ ಶಾಲೆಯ ರೂಲ್ಸಲ್ಲೇ ಇದೆಯಲ್ಲ, ಒಂಬತ್ತನೇದು. ನಾನಿದ್ರೆ ಹಾಕಲ್ಲ. ಕಾಗದ ಉಳಿಯುತ್ತೆ. ಅಷ್ಟೇ.”

ನನ್ನ ನಿಯಮಾವಳಿಯನ್ನು ಒಬ್ಬರು ಓದಿದ್ದಾರೆ ಅಂತ ಒಳಗೊಳಗೇ ಖುಷಿಯಾಯಿತು. ಆದರೆ ಒಂಬತ್ತರ ಹಿಂದೆಯೇ ನನಗೆ ಹದಿನಾಲ್ಕೂ ನೆನಪಾಯಿತು: ಸಮಿತಿಗೆ ಆಯ್ಕೆಯಾದವರು ಅವಧಿ ಮುಗಿಯುವ ತನಕ ಶಾಲೆಯಲ್ಲಿ ಪಾಠ ಮಾಡುವಂತಿಲ್ಲ. ಹಿತಾಸಕ್ತಿಯ ಸಂಘರ್ಷ ಆಗಬಾರದಲ್ಲ. ಆಫೀಸಿನ ಕಡತದಿಂದ ಎತ್ತಿ ಇಳಿಸಿದ್ದ ನಿಯಮ ಅದು. ಮಿಸ್ಸು ಗೆದ್ದರೆ ಕಾಗದ ಉಳಿಯುತ್ತದೆ, ಮಿಸ್ಸಿಗೆ ಕ್ಲಾಸು ಉಳಿಯುವುದಿಲ್ಲ. ಅವರು ಒಂಬತ್ತಕ್ಕೇ ಪುಸ್ತಕ ಮುಚ್ಚಿದ್ದಾರೆ ಅಂದುಕೊಂಡೆ.

ಹೇಳಿಬಿಟ್ಟಿದ್ದರೆ ನಾನು ಹೋದ ಕೆಲಸ ಒಂದೇ ನಿಮಿಷದಲ್ಲಿ ಆಗಿಬಿಡುತ್ತಿತ್ತು. ಹೇಳಲಿಲ್ಲ. ಹೇಳಿದರೆ ‘ಇದನ್ನು ಬರೆದವರು ಯಾರು’ ಅಂತ ಕೇಳುತ್ತಾರೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವರ ಎದುರು ಕೂತು, ಅವರ ಕಾಫಿ ಕುಡಿಯುತ್ತ, ‘ನಾನೇ’ ಅನ್ನಲು ನಾಲಿಗೆ ಏಳಲಿಲ್ಲ. ಹೇಗೂ ಸೋಲುತ್ತಾರೆ, ಈಗ್ಯಾಕೆ ಎತ್ತಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಿಸ್ಸು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಇನ್ನೊಂದು ಲೋಟ ಕಾಫಿ ತಗೋತೀರಾ?” ಅಂದರು.

ಯಜಮಾನರು ಗಾಬರಿಯಾಗಿ ತಲೆ ಎತ್ತಿದರು. “ಏನ್ರೀ ಇವರೇ, ನಿಮ್ಮ ಅದೃಷ್ಟ. ನಲವತ್ತು ವರ್ಷದಲ್ಲಿ ನನಗೇ ಎರಡನೇ ಲೋಟ ಸಿಕ್ಕಿಲ್ಲ.”

ಎರಡನೇ ಲೋಟವೂ ಬಂತು. ಕುಡಿದೆ. ಸೆಖೆಯ ಬಗ್ಗೆ ಮಾತಾಡಿದೆ, ಅವರ ಬ್ಲಾಕಿನ ಲಿಫ್ಟ್ ರಿಪೇರಿಯ ಬಗ್ಗೆ ಮಾತಾಡಿದೆ. ಮಿಸ್ಸು ಎರಡಕ್ಕೂ ‘ಆಮೇಲೆ?’ ಅಂದರು. ಆಮೇಲೆ ಎದ್ದು ಬಂದೆ.

ಮಿಸ್ಸು ಪ್ರಚಾರ ಮಾಡಲಿಲ್ಲ. ಎದುರಾಳಿಯ ಕಡೆಯಿಂದ ದಿನಕ್ಕೊಂದು ಪೋಸ್ಟರು ವಾಟ್ಸಾಪಿನಲ್ಲಿ ಬರುತ್ತಿತ್ತು. ಮಿಸ್ಸಿನ ಕಡೆ ಅಂತ ಒಂದು ಕಡೆಯೇ ಇರಲಿಲ್ಲ. ಕಾಗದದ ವಾರ ಬಂದಾಗ ಮಾತ್ರ, ಯಾವತ್ತೂ ವಿಷಯ ಕೊಡದವರು ಬೋರ್ಡಿನ ಮೇಲೆ ಒಂದು ವಿಷಯ ಬರೆದರು: ಮುಂದಿನ ವರ್ಷ ನಮ್ಮ ಕ್ಲಾಸು. ಮನೆಗೆ ಬಂದ ಮಗಳನ್ನು ಏನು ಬರೆದೆ ಅಂತ ಕೇಳಿದೆ. “ಅಪ್ಪಾ, ಸೀಕ್ರೆಟ್ ಲಾ. ಅಜ್ಜಿಗೆ ಬರ್ದಿದ್ದು ನಿನಗ್ಯಾಕೆ?” ಅಂದಳು.

ಹತ್ತು ಹನ್ನೆರಡು ದಿನವಾದ ಮೇಲೆ, ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಮಂಡ್ಯದಿಂದ ಅಮ್ಮನ ಫೋನು ಬಂತು.

“ಏನೋ, ಮುಂದಿನ ವರ್ಷದಿಂದ ಮಗು ಕಾಗದ ಬರೆಯಲ್ವಂತೆ?”

“ಅಮ್ಮ, ದಿನಾ ವಿಡಿಯೋದಲ್ಲಿ ಮಾತಾಡ್ತೀರಲ್ಲ.”

“ಅದರಲ್ಲಿ ಏನು ಮಾತಾಡ್ತಾಳೆ? ಊಟ ಆಯ್ತಾ ಅಂದ್ರೆ ಆಯ್ತು ಅಂತಾಳೆ, ಬಾಯ್ ಅಂತಾಳೆ. ಇಸ್ಕೂಲಲ್ಲಿ ಅವಳ ಜೊತೆ ಯಾರೂ ಆಡಕ್ಕೆ ಬರಲ್ಲ ಅನ್ನೋದು ನಿನಗೆ ಗೊತ್ತಾ? ನನಗೆ ಬರೆದಿದ್ಲು. ಹೋದ ವರ್ಷ.”

ನನಗೆ ಗೊತ್ತಿರಲಿಲ್ಲ.

“ಆ ಮೇಡಮ್ಮಿಗೇ ಓಟು ಹಾಕು.”

“ಅಮ್ಮ, ಇದರಲ್ಲಿ ನೀನು...”

“ನನಗೆ ಓಟಿಲ್ಲ ಅಂತ ಗೊತ್ತು ಕಣೋ. ನಿನಗಿದೆಯಲ್ಲ.”

ಆ ವಾರವೆಲ್ಲ ಹಾಸನ, ತುಮಕೂರು, ಮೈಸೂರು, ನಂಜನಗೂಡುಗಳಿಂದ ಸಿಂಗಪುರಕ್ಕೆ ಫೋನು ಬರುತ್ತಲೇ ಇತ್ತು. ನಾವು ಮತದಾರರ ಪಟ್ಟಿಯನ್ನು ಮೂರು ಸಲ ತಾಳೆ ನೋಡಿದ್ದೆವು. ಅಜ್ಜಿಯರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಚುನಾವಣೆಯ ದಿನ ಇಬ್ಬರಿಗೂ ಮೂರು ಮೂರು ನಿಮಿಷ ಮಾತಾಡಲು ಕೊಟ್ಟರು. ಬ್ಯೂನಾ ವಿಸ್ಟಾದವರು ಲ್ಯಾಪ್‌ಟಾಪನ್ನು ತೆರೆದವರು ಮತ್ತೆ ಮುಚ್ಚಿದರು. “ನಮ್ಮಮ್ಮ ನಿನ್ನೆ ಅರಸೀಕೆರೆಯಿಂದ ಫೋನ್ ಮಾಡಿ ನನಗೇ ನನ್ನ ಓಟು ಹಾಕ್ಕೋಬೇಡ ಅಂದಿದಾರೆ. ನಿಮ್ಮನ್ನ ಯಾವ ಬಾಯಲ್ಲಿ ಕೇಳ್ಲಿ?” ಅಂತ ಕೂತುಬಿಟ್ಟರು. ಆ ಒಂದು ಮಾತಿಗೆ ಅವರಿಗೆ ಒಂದಷ್ಟು ಓಟು ಬಿದ್ದಿರಬೇಕು. ಮಿಸ್ಸು ಎದ್ದು, “ನಾನು ಯಾರು ಅಂತ ನಿಮಗೆ ಗೊತ್ತು. ಬೇಗ ಮುಗಿಸೋಣ, ಹನ್ನೊಂದಕ್ಕೆ ಕ್ಲಾಸಿದೆ,” ಅಂದರು.

ಗೆದ್ದರು. ಸುಮಾರಾಗಿ ಅಲ್ಲ, ಚೆನ್ನಾಗಿಯೇ ಗೆದ್ದರು. ಚಪ್ಪಾಳೆ ಮುಗಿದು ಮಿಸ್ಸು ಚೀಲಗಳನ್ನು ಎತ್ತಿಕೊಂಡು ಎದ್ದಾಗ ಸಮಿತಿಯ ಕಾರ್ಯದರ್ಶಿ ಕೆಮ್ಮಿದರು. ತಮ್ಮ ಕಡೆಗೆ ಸೋಲು ಖಾತ್ರಿ ಅಂತ ಕಂಡ ಮೇಲೆ ಅವರೂ ನಿಯಮಾವಳಿ ಓದಲು ಕೂತಿದ್ದರು ಅಂತ ಕಾಣುತ್ತದೆ. “ಸರ್, ಒಂದು ಸಣ್ಣ ವಿಷಯ. ಹದಿನಾಲ್ಕನೇ ರೂಲು ನೀವೇ ಓದಿಬಿಡ್ತೀರಾ?” ಅಂತ ಫೋನನ್ನು ನನ್ನ ಕೈಗೆ ಕೊಟ್ಟರು.

ಎದ್ದು ನಿಂತು ನನ್ನ ಇಂಗ್ಲಿಷನ್ನು ನಾನೇ ಓದಿದೆ. ಆ ವಾಕ್ಯ ಎಷ್ಟು ಉದ್ದ ಇತ್ತು ಅಂತ ಅವತ್ತೇ ಗೊತ್ತಾದದ್ದು. ಮಿಸ್ಸು ಪ್ರಿಂಟು ಹಾಕಿಸಿದ್ದ ನಿಯಮಾವಳಿಯನ್ನು ಚೀಲದಿಂದ ಈಚೆಗೆ ತೆಗೆದು ಮೇಜಿನ ಮೇಲಿಟ್ಟರು. ಅಂಚು ಮಡಚಿ ಮೆತ್ತಗಾಗಿತ್ತು. ಹದಿನಾಲ್ಕರ ಕೆಳಗೆ ಕೆಂಪು ಗೆರೆ.

“ಓದಿದೀನಿ. ನಾಮಪತ್ರ ಹಾಕೋ ಮುಂಚೆನೇ ಓದಿದೀನಿ. ಕ್ಲಾಸು ಇವತ್ತಿಂದ ಬಿಟ್ಟೆ. ನನ್ನ ಜಾಗಕ್ಕೆ ಇವರ ಹೆಸರು ಹೇಳ್ತೀನಿ,” ಅಂತ ಪೆನ್ನಿನಿಂದ ನನ್ನ ಕಡೆ ತೋರಿಸಿದರು.

ಯಾರೂ ಬೇಡ ಅನ್ನಲಿಲ್ಲ. ಮತ್ತೆ ಚಪ್ಪಾಳೆ ಬಿತ್ತು. ಹೀಗೆ ಆ ದಿನದ ಏಕೈಕ ಅವಿರೋಧ ಆಯ್ಕೆ ನನ್ನದಾಯಿತು. ಹನ್ನೊಂದು ಗಂಟೆಗೆ ಮೂವತ್ತು ಮಕ್ಕಳ ಮುಂದೆ ಮಾರ್ಕರ್ ಹಿಡಿದು ನಿಂತಿದ್ದೆ. ನನ್ನ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಸಮಿತಿಯಲ್ಲಿ ಮಿಸ್ಸು ಎರಡು ವರ್ಷ ಇದ್ದರು. ಬರವಣಿಗೆ ತೆಗೆಯುವ ಕಾಗದ ಮೂರು ಸಲ ಅವರ ಮುಂದೆ ಬಂತು, ಮೂರು ಸಲವೂ ಸಹಿಯಿಲ್ಲದೆ ವಾಪಸ್ ಹೋಯಿತು. ಹದಿನಾಲ್ಕನೇ ನಿಯಮವನ್ನು ತೆಗೆದುಹಾಕೋಣ ಅಂತ ಎಲ್ಲರೂ ಹೇಳಿದೆವು. ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನು. “ನನಗೋಸ್ಕರ ರೂಲು ಬದಲಾಯಿಸೋದು ಬೇಡ. ಮಕ್ಕಳು ನೋಡ್ತಿರ್ತಾರೆ,” ಅಂದರು. ಆದರೆ ಭಾನುವಾರ ಸೆಂಬವಾಂಗಿನಿಂದ ಬರುವುದು ಮಾತ್ರ ನಿಲ್ಲಿಸಲಿಲ್ಲ. ರೂಮಿನ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೆ ವಾಯ್ಡ್ ಡೆಕ್ಕಿನ ಕಲ್ಲಿನ ಮೇಜಿನ ಹತ್ತಿರ, ಚೆಸ್ ಆಡುವ ಚೀನೀ ಅಂಕಲ್‌ಗಳ ಪಕ್ಕ ಕೂತು ಲಕೋಟೆಗೆ ಅಂಚೆಚೀಟಿ ಹಚ್ಚುತ್ತಿದ್ದರು. ಅಂಚೆಚೀಟಿ ಹಚ್ಚುವುದು ಪಾಠವಲ್ಲ, ನಿಯಮಾವಳಿಯಲ್ಲಿ ಎಲ್ಲೂ ಇಲ್ಲ, ನೋಡಿದೀನಿ ಅಂದರು. ಕಿಟಕಿ ತೆರೆದಿರುತ್ತಿತ್ತು. ನಾನು ಬೋರ್ಡಿನ ಮೇಲೆ ಬರೆಯುತ್ತ ಏನಾದರೂ ತಪ್ಪು ಹೇಳಿದರೆ ಹೊರಗಿನಿಂದ ಸಣ್ಣದೊಂದು ಕೆಮ್ಮು ಕೇಳಿಸುತ್ತಿತ್ತು. ಮೊದಲ ಆರು ತಿಂಗಳು ಅವರಿಗೆ ಗಂಟಲು ಕೆಟ್ಟಿದೆ ಅಂತಲೇ ಎಲ್ಲರೂ ತಿಳಿದಿದ್ದರು. ಬರಬರುತ್ತ ಕೆಮ್ಮು ಕಡಿಮೆಯಾಯಿತು. ನಿಂತ ದಿನ ನನಗೆ ಯಾಕೋ ಸಂತೋಷವಾಗಲಿಲ್ಲ.

ಅವಧಿ ಮುಗಿಯಿತು. ಇನ್ನೇನು ಕ್ಲಾಸಿಗೆ ವಾಪಸ್ ಬರಬಹುದು ಅನ್ನುವಾಗ ಯಜಮಾನರ ಮೊಣಕಾಲು ಕೈಕೊಟ್ಟಿತು. ಇಬ್ಬರೂ ಮೆಲ್ಬರ್ನಿಗೆ, ಮಗಳ ಊರಿಗೆ ಹೊರಟರು. ಅದಕ್ಕೇ ಆ ಬೀಳ್ಕೊಡುಗೆ, ಅದಕ್ಕೇ ಆ ಹನ್ನೊಂದು ಭಾಷಣ. ನನ್ನ ಸರದಿಯಲ್ಲಿ ‘ಮೊದಲಿನಿಂದಲೂ ಮಿಸ್ಸಿನ ಜೊತೆಗೇ ನಿಂತವನು ನಾನು’ ಅಂದೆ. ಚಪ್ಪಾಳೆ ಬಿತ್ತು. ಮಿಸ್ಸು ಕನ್ನಡಕದ ಮೇಲಿಂದ ನೋಡಿದರು, ಆದರೆ ‘ಆಮೇಲೆ?’ ಅನ್ನಲಿಲ್ಲ. ಅವತ್ತು ಅಂದುಬಿಟ್ಟಿದ್ದರೆ ವಾಸಿಯಾಗಿತ್ತು.

ಮುಂದಿನ ಭಾನುವಾರವೇ ಕಾಗದದ ವಾರ. ಏನು ಬರೆಯಬೇಕು ಸರ್ ಅಂತ ಮಕ್ಕಳು ಕೇಳಿದರು. ಬಾಯಲ್ಲಿ ಹೇಳಕ್ಕಾಗದ್ದನ್ನ ಬರೀರಿ ಅಂತ ಅಭ್ಯಾಸಬಲದಿಂದ ಹೇಳಿದೆ. ಹೇಳಿ, ಕುರ್ಚಿಯ ಮೇಲೆ ಕೂತು, ಒಂದು ಹಾಳೆ ತೆಗೆದುಕೊಂಡು ನಾನೂ ಬರೆದೆ. ಹದಿನಾಲ್ಕನ್ನು ಬರೆದವನು ನಾನೇ ಅಂತ, ನಿಮ್ಮ ಮನೆಗೆ ಬಂದ ದಿನ ಅದು ನೆನಪಿದ್ದೂ ಹೇಳಲಿಲ್ಲ ಅಂತ, ಹೇಳದೆ ಹೋದದ್ದು ಹೇಡಿತನ ಅಂತ. ಅರ್ಧ ಪುಟ ಆಯಿತು. ಮೆಲ್ಬರ್ನಿನ ವಿಳಾಸ ಬರೆದು ಮಕ್ಕಳ ಕಾಗದದ ಜೊತೆಯಲ್ಲೇ ಡಬ್ಬಕ್ಕೆ ಹಾಕಿದೆ.

ಮೂರು ವಾರದ ಮೇಲೆ ಉತ್ತರ ಬಂತು. ಕಾಗದಕ್ಕೆ ಬಳಸದ ಕೆಂಪು ಪೆನ್ನನ್ನು ಇದಕ್ಕೂ ಬಳಸಿರಲಿಲ್ಲ.

‘ನಿಮ್ಮ ಕಾಗದ ತಲುಪಿತು. ಬರೆದವರು ನೀವು ಅನ್ನುವುದು ನಿಯಮಾವಳಿಯ ಮೊದಲನೇ ಪುಟದಲ್ಲೇ ಇತ್ತು. ನೀವಾಗಿ ಹೇಳುತ್ತೀರೇನೋ ಅಂತ ಎರಡನೇ ಲೋಟ ಕಾಫಿ ಮಾಡಿದೆ. ನೀವು ಲಿಫ್ಟಿನ ವಿಷಯ ಮಾತಾಡಿದಿರಿ. ಕ್ಲಾಸು ನಿಮಗೇ ಕೊಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಬಾಯಲ್ಲಿ ಬಾರದ್ದನ್ನು ಬರೆದು ಹೇಳುವ ಅಭ್ಯಾಸ ನಿಮಗೆ ಬೇಕಾದಷ್ಟು ಆ ಮಕ್ಕಳಿಗೂ ಬೇಕಿರಲಿಲ್ಲ. ಎರಡು ವರ್ಷ ಹಿಡಿಯಿತು, ಪರವಾಗಿಲ್ಲ. ಆದರೆ ಅರ್ಧ ಪುಟಕ್ಕೇ ನಿಲ್ಲಿಸಿದ್ದೀರಿ. ಆಮೇಲೆ?’

ಆಮೇಲಿನದ್ದು ಇದು, ಮಿಸ್. ಬರೆದಿದ್ದೇನೆ.